ಸಮುದ್ರವೇ ಇಲ್ಲದ ನಕ್ಷತ್ರದಲ್ಲಿ ಉಬ್ಬರ ಯಾವುದಕ್ಕೆ ಉಜ್ಜುತ್ತದೆ?

ಓದುಗರ ಪ್ರಶ್ನೆ: "ಮಲ್ಪೆ ಬಂದರಿನಲ್ಲಿ ದೋಣಿಗಳಿಗೆ ಮಂಜುಗಡ್ಡೆ ಪೂರೈಸುವ ವ್ಯವಹಾರ ನನ್ನದು. ಉಬ್ಬರ–ಇಳಿತದ ವೇಳೆ ನೋಡದೆ ನನ್ನ ದಿನ ಶುರುವಾಗುವುದಿಲ್ಲ. ಮಗಳು ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದಾಳೆ. ಜೋಡಿ ನಕ್ಷತ್ರಗಳಲ್ಲಿ ಉಬ್ಬರದಿಂದ ಎಷ್ಟು ಶಕ್ತಿ ಸವೆದುಹೋಗುತ್ತದೆ ಎಂದು ಅಳೆಯುವುದು ಅವಳ ಪ್ರಾಜೆಕ್ಟ್. ಕೈಯಲ್ಲಿರುವುದು ಆರು ತಿಂಗಳು. ನಕ್ಷತ್ರದಲ್ಲಿ ಸಮುದ್ರವಿಲ್ಲ, ತಳವಿಲ್ಲ, ದಡವಿಲ್ಲ. ಉಬ್ಬರ ಯಾವುದಕ್ಕೆ ಉಜ್ಜಬೇಕು? ಕೋಟಿಗಟ್ಟಲೆ ವರ್ಷ ಹಿಡಿಯುವ ಬದಲಾವಣೆಯನ್ನು ಆರು ತಿಂಗಳಲ್ಲಿ ಅಳೆಯುವುದು ಅಂದಾಜಿನ ಮೇಲೆ ಅಂದಾಜಲ್ಲವೇ? 2022ರಲ್ಲಿ ಎರಡು ನಕ್ಷತ್ರಗಳು ಡಿಕ್ಕಿ ಹೊಡೆದು ಬರಿಗಣ್ಣಿಗೆ ಕಾಣುತ್ತವೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು, ಏನೂ ಆಗಲಿಲ್ಲ. ಈಗ ಇವಳು ನವೆಂಬರಿನಲ್ಲಿ ತಾರಸಿಯ ಮೇಲೆ ಕ್ಯಾಮೆರಾ ಇಟ್ಟು ಅಲ್ಗಾಲ್ ಎಂಬ ನಕ್ಷತ್ರದ ಮೂರು ಗ್ರಹಣಗಳನ್ನು ದಾಖಲಿಸಿದ್ದಾಳೆ. ಮೂರೂ ಪುಸ್ತಕದ ವೇಳೆಗಿಂತ ಏಳು ನಿಮಿಷ ಬೇಗ ಬಂದವಂತೆ. ಅದೇ ಉಬ್ಬರದ ಗುರುತು ಎನ್ನುತ್ತಾಳೆ. ಹೌದೇ? ಅಥವಾ ವಿಷಯ ಬದಲಿಸಲು ಹೇಳಲೇ?"

ಉತ್ತರ: ಏಳು ನಿಮಿಷದಿಂದಲೇ ಶುರು ಮಾಡೋಣ. ಅದು ಉಬ್ಬರದ ಗುರುತಲ್ಲ. ಆದರೆ ನಿಮ್ಮ ಮಗಳ ಕೆಲಸ ಅಚ್ಚುಕಟ್ಟಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಪುಸ್ತಕದಲ್ಲಿ ಅಚ್ಚಾಗಿರುವುದು ಸೂರ್ಯನಲ್ಲಿ ನಿಂತು ನೋಡಿದರೆ ಸಿಗುವ ವೇಳೆ. ನಾವು ನಿಂತಿರುವುದು ಉಡುಪಿಯಲ್ಲಿ. ಸೂರ್ಯನಿಂದ ಭೂಮಿಗೆ ಬರಲು ಬೆಳಕಿಗೆ 8 ನಿಮಿಷ 19 ಸೆಕೆಂಡು ಬೇಕು. ನವೆಂಬರಿನಲ್ಲಿ ಭೂಮಿ ಸೂರ್ಯನಿಗಿಂತ ಅಲ್ಗಾಲ್ ಕಡೆಗೆ ವಾಲಿ ನಿಂತಿರುತ್ತದೆ. ಹಾಗಾಗಿ ಗ್ರಹಣದ, ಅಂದರೆ ಜೋಡಿಯ ಒಂದು ನಕ್ಷತ್ರ ಇನ್ನೊಂದನ್ನು ಮರೆಮಾಡಿದ, ಸುದ್ದಿ ನಮಗೆ ಮೊದಲು ಮುಟ್ಟುತ್ತದೆ. ಅಲ್ಗಾಲ್ ನಮ್ಮ ಕಕ್ಷೆಯ ಮಟ್ಟಕ್ಕಿಂತ ಸುಮಾರು 22 ಡಿಗ್ರಿ ಮೇಲಿರುವುದರಿಂದ ಪೂರ್ತಿ ಎಂಟು ನಿಮಿಷವಲ್ಲ, ಏಳೂಮುಕ್ಕಾಲು ನಿಮಿಷದ ಆಸುಪಾಸು. ಅವಳು ಅಳೆದದ್ದು ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದನ್ನು. 1676ರಲ್ಲಿ ಓಲೆ ರೋಮರ್ ಗುರುವಿನ ಉಪಗ್ರಹ ಅಯೋದ ಗ್ರಹಣಗಳಲ್ಲಿ ಇಂಥದ್ದೇ ನಿಮಿಷಗಳ ವ್ಯತ್ಯಾಸ ಕಂಡು, ಬೆಳಕಿಗೂ ಒಂದು ವೇಗವಿದೆ ಎಂದು ಹೇಳಿದ್ದು. ನನ್ನ ಮೊದಲ ವರ್ಷದ ಕಥೆ ಇದಕ್ಕಿಂತ ಹೀನಾಯ. ಭಾರತೀಯ ಕಾಲಮಾನದಿಂದ ಐದೂವರೆ ಗಂಟೆ ಕಳೆಯುವ ಬದಲು ಕೂಡಿಸಿ, ಎರಡು ವಾರ ಹೊಸ ಶೋಧದ ಅಮಲಿನಲ್ಲಿ ಓಡಾಡಿದ್ದೆ.

ಇನ್ನೊಂದು ಮಾತು. ಏಳು ನಿಮಿಷದ ಲೆಕ್ಕ ಸರಿಹೋದರೂ ಉಬ್ಬರದ ಸವಕಳಿ ಹುಡುಕಲು ಅಲ್ಗಾಲ್ ತಕ್ಕ ಜಾಗವಲ್ಲ. ಅದರ ಗ್ರಹಣ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ತಪ್ಪದೆ ಬರುತ್ತದೆ ಎಂದು 1783ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಜಾನ್ ಗುಡ್ರಿಕ್, ಕಿವಿ ಕೇಳದ, ಆಗಿನ್ನೂ ಹದಿನೆಂಟು ತುಂಬಿದ್ದ ಹುಡುಗ. ಈ ಜೋಡಿಯ ಎರಡು ನಕ್ಷತ್ರಗಳು ಒಂದನ್ನೊಂದು ಎಳೆದು ಉಬ್ಬಿಸಿವೆ ನಿಜ. ಆದರೆ ಶಕ್ತಿ ಸವೆಯಬೇಕಾದರೆ ಉಬ್ಬು ಇದ್ದರೆ ಸಾಲದು, ಅದು ಅಲುಗಾಡಬೇಕು. ಅಲ್ಗಾಲ್‌ನ ಕಕ್ಷೆ ಈಗಾಗಲೇ ವೃತ್ತ. ನಕ್ಷತ್ರಗಳೂ ಸುತ್ತಿನ ಜೊತೆ ಹೆಜ್ಜೆ ಹೊಂದಿಸಿಕೊಂಡಿವೆ. ಉಬ್ಬು ಇದ್ದಲ್ಲೇ ಇರುತ್ತದೆ. ಅಜ್ಜಿ ತೋರಿಸಿದ ಅದೇ ಮೊಲ ಚಂದ್ರನಲ್ಲಿ ಇಂದಿಗೂ ಕಾಣುತ್ತದಲ್ಲ, ಅದಕ್ಕೂ ಇದೇ ಕಾರಣ: ಭೂಮಿ ಚಂದ್ರನಲ್ಲಿ ಎಬ್ಬಿಸಿದ ಉಬ್ಬು ಅಲುಗಾಡಿ ಅಲುಗಾಡಿ ಅದರ ತಿರುಗಾಟವನ್ನು ತಿಂದುಹಾಕಿ, ಒಂದೇ ಮುಖ ನಮ್ಮ ಕಡೆಗಿರುವಂತೆ ಮಾಡಿತು. ಅಲ್ಗಾಲ್‌ನ ಅವಧಿ ಆಗಾಗ ಸೆಕೆಂಡುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗುವುದು ನಿಜವೇ. ಒಂದು ನಕ್ಷತ್ರ ಇನ್ನೊಂದರ ಮೇಲೆ ಅನಿಲ ಸುರಿಯುತ್ತಿದೆ. 680 ದಿನಕ್ಕೊಮ್ಮೆ ಸುತ್ತುವ ಮೂರನೆಯ ನಕ್ಷತ್ರವೊಂದು ಈ ಜೋಡಿಯನ್ನು ಹಿಂದೆ ಮುಂದೆ ಎಳೆದಾಡುತ್ತಿದೆ. ತಣ್ಣನೆಯ ನಕ್ಷತ್ರದ ಕಾಂತೀಯ ಏರಿಳಿತದ ಕೈವಾಡವೂ ಇದೆ ಎನ್ನುತ್ತಾರೆ. ಈ ಗಲಾಟೆಯಲ್ಲಿ ಉಬ್ಬರದ ಪಿಸುಮಾತು ಕೇಳುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ; ಈ ಕ್ಷೇತ್ರದ ತಲೆನೋವೇ ಅದು.

ಮಲ್ಪೆ ಅಳಿವೆಯಲ್ಲಿ ನೀರು ತುಂಬಿದ ಕೂಡಲೇ ಉದ್ಯಾವರ ಹೊಳೆಯ ಒಳಗೆ ತುಂಬುವುದಿಲ್ಲ. ಒಳಗೆ ಹೋದಷ್ಟೂ ತಡ. ತಳ, ಕಾಂಡ್ಲಾ ಗಿಡದ ಬೇರು, ದಂಡೆ, ಎಲ್ಲವೂ ನೀರನ್ನು ಹಿಡಿದೆಳೆಯುತ್ತವೆ. ಶಕ್ತಿ ಎಲ್ಲಿ ಸವೆಯುತ್ತದೋ ಅಲ್ಲಿ ಉಬ್ಬರ ತಡವಾಗುತ್ತದೆ. ಇಡೀ ಭೂಮಿಯ ಮಟ್ಟಿಗೂ ಹಾಗೆಯೇ. ಉಬ್ಬು ಚಂದ್ರನ ನೇರಕ್ಕೆ ನಿಲ್ಲದೆ, ಭೂಮಿಯ ತಿರುಗಾಟದಿಂದಾಗಿ ಕೊಂಚ ಮುಂದಕ್ಕೆ ಸರಿದಿರುತ್ತದೆ. ಹಾಗೆ ಸರಿದ ಉಬ್ಬು ಚಂದ್ರನನ್ನು ಮುಂದಕ್ಕೆ ಜಗ್ಗುತ್ತದೆ. ಫಲವಾಗಿ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಾನೆ, ನಮ್ಮ ದಿನ ಶತಮಾನಕ್ಕೆ ಒಂದೆರಡು ಮಿಲಿಸೆಕೆಂಡು ಉದ್ದವಾಗುತ್ತದೆ. ಚಂದ್ರ ದೂರ ಹೋಗುವ ಲೆಕ್ಕ ಸಿಕ್ಕಿದ್ದು ಅವನ ಮೇಲೆ 1969ರಿಂದ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಹೊಡೆದು ಅಳೆದು.

ನಕ್ಷತ್ರಕ್ಕೆ ತಳವಿಲ್ಲ, ಒಪ್ಪಿದೆ. ಆದರೆ ಅಡುಗೆಮನೆಯಲ್ಲಿ ಎರಡು ಮೊಟ್ಟೆ ತೆಗೆದುಕೊಳ್ಳಿ, ಒಂದು ಹಸಿ, ಒಂದು ಬೇಯಿಸಿದ್ದು. ಎರಡನ್ನೂ ಮೇಜಿನ ಮೇಲೆ ತಿರುಗಿಸಿ. ಬೆಂದ ಮೊಟ್ಟೆ ಬುಗುರಿಯಂತೆ ತಿರುಗುತ್ತದೆ. ಹಸಿಯದ್ದು ಎರಡು ಸುತ್ತಿಗೇ ಸೋಲುತ್ತದೆ. ಹೊರಗಿನ ಮೇಜು ಎರಡಕ್ಕೂ ಒಂದೇ. ಹಸಿ ಮೊಟ್ಟೆಯೊಳಗಿನ ದ್ರವ ತನ್ನೊಳಗೇ ಉಜ್ಜಿಕೊಂಡು ಶಕ್ತಿಯನ್ನು ಕಳೆದುಹಾಕುತ್ತದೆ. ನಕ್ಷತ್ರ ಆ ಹಸಿ ಮೊಟ್ಟೆ. ತೊಡಕು ಏನೆಂದರೆ, ನಕ್ಷತ್ರದ ಅನಿಲಕ್ಕೆ ಇರುವ ಸ್ವಂತ ಅಂಟುತನ ತೀರಾ ಕಡಿಮೆ. ಅದೊಂದನ್ನೇ ನಂಬಿದರೆ ಕಕ್ಷೆಗಳು ಬದಲಾಗಲು ವಿಶ್ವದ ವಯಸ್ಸೂ ಸಾಲದು. ಹಾಗಾದರೆ ಇನ್ನೇನೋ ಉಜ್ಜುತ್ತಿರಬೇಕು.

ಸೂರ್ಯನಂಥ ನಕ್ಷತ್ರಗಳಲ್ಲಿ ಆ ಕೆಲಸ ಮಾಡುವುದು ಕುದಿತ. ಸೂರ್ಯನ ತ್ರಿಜ್ಯದಲ್ಲಿ ಹೊರಗಿನ ಮೂರನೇ ಒಂದು ಪಾಲಿಗೆ ಕೊಂಚ ಕಡಿಮೆ ಭಾಗ ಕುಚ್ಚಲಕ್ಕಿ ಗಂಜಿಯಂತೆ ಕೊತಕೊತ ಕುದಿಯುತ್ತಿರುತ್ತದೆ. ಉಬ್ಬರದ ಹರಿವು ಆ ಸುಳಿಗಳ ನಡುವೆ ನುಗ್ಗಬೇಕು, ಅವು ಅದನ್ನು ಹಿಡಿದು ಚಿಂದಿ ಮಾಡುತ್ತವೆ. ಆದರೆ ದೊಡ್ಡ ಸುಳಿಯೊಂದು ಮಗುಚಲು ವಾರಗಳೇ ಬೇಕು. ಹತ್ತಿರದ ಜೋಡಿಯಲ್ಲಿ ಉಬ್ಬರ ಬಂದು ಹೋಗುವುದು ಎರಡು–ಮೂರು ದಿನಗಳಲ್ಲಿ. ಸುಳಿ ಎಚ್ಚರಗೊಳ್ಳುವ ಮೊದಲೇ ಉಬ್ಬರ ದಾಟಿಹೋಗಿರುತ್ತದೆ. ಆಗ ಹಿಡಿತ ಎಷ್ಟು ಸಡಿಲವಾಗುತ್ತದೆ? ಜಾನ್‌-ಪಾಲ್ ಜಾನ್ 1966ರಲ್ಲಿ ಒಂದು ಉತ್ತರ ಕೊಟ್ಟರು: ವೇಗದ ಅಂತರ ಹತ್ತು ಪಟ್ಟಾದರೆ ಹಿಡಿತ ಹತ್ತನೇ ಒಂದು. 1977ರಲ್ಲಿ ಗೋಲ್ಡ್‌ರೈಕ್ ಮತ್ತು ನಿಕೋಲ್ಸನ್ ಅಲ್ಲವೆಂದರು: ನೂರನೇ ಒಂದು. ಕಂಪ್ಯೂಟರಿನಲ್ಲಿ ಕುದಿತವನ್ನೇ ಎಬ್ಬಿಸಿ ನೋಡುವ ಕಾಲ ಬಂದ ಮೇಲೂ ಈ ಜಗಳ ಪೂರ್ತಿ ಮುಗಿದಿಲ್ಲ. ನಿಮಗೆ ಅರ್ಥವಾಗದೇ ಇದ್ದದ್ದು ಅದನ್ನೇ ಕಸುಬಾಗಿಸಿಕೊಂಡವರಿಗೂ ಅಷ್ಟು ಸಲೀಸಾಗಿ ಅರ್ಥವಾಗಿಲ್ಲ ಎಂದು ಧೈರ್ಯ ತಂದುಕೊಳ್ಳಿ.

ಬಿಸಿ ನಕ್ಷತ್ರಗಳ ಹೊರಪದರ ಕುದಿಯುವುದಿಲ್ಲ. ಅಲ್ಲಿ ಉಬ್ಬರ ಒಳಗಿನ ತಿರುಳಿನ ಅಂಚಿನಿಂದ ಅಲೆಗಳನ್ನು ಎಬ್ಬಿಸುತ್ತದೆ. ಅವು ಹೊರಕ್ಕೆ ಬಂದು ಮೇಲ್ಪದರದ ಬಳಿ ತಮ್ಮ ಶಕ್ತಿಯನ್ನು ಶಾಖವಾಗಿ ಸೋರಿಸಿ ಸಾಯುತ್ತವೆ. ಇದಕ್ಕೆ ಉದಾಹರಣೆ ನಿಮ್ಮ ತಾರಸಿಯಿಂದಲೇ ಕಾಣುತ್ತದೆ. ಚೈತ್ರದ ಹುಣ್ಣಿಮೆಯಂದು ಚಂದ್ರನ ಪಕ್ಕ ಮಿನುಗುವ ಚಿತ್ತಾ ನಕ್ಷತ್ರ, ಆ ತಿಂಗಳಿಗೆ ಹೆಸರು ಕೊಟ್ಟದ್ದು, ಒಂದಲ್ಲ ಎರಡು. ಒಂದು ಸೂರ್ಯನ ಸುಮಾರು ಹನ್ನೊಂದು ಪಟ್ಟು ತೂಕ, ಇನ್ನೊಂದು ಏಳು ಪಟ್ಟು; ನಾಲ್ಕು ದಿನಕ್ಕೊಂದು ಸುತ್ತು. ನಡುವಿನ ಅಂತರ ಸುಮಾರು ಎರಡು ಕೋಟಿ ಕಿಲೋಮೀಟರ್, ಬುಧ ಸೂರ್ಯನಿಂದ ಇರುವ ದೂರದ ಅರ್ಧಕ್ಕಿಂತ ಕಡಿಮೆ. ಕಕ್ಷೆ ಇನ್ನೂ ವೃತ್ತವಾಗಿಲ್ಲ. ಹತ್ತಿರ ಬಂದಾಗಿನ ಉಬ್ಬರದ ಸೆಳೆತ ದೂರ ಇದ್ದಾಗಿನದಕ್ಕಿಂತ ಎರಡು ಪಟ್ಟು. ಎರಡೂ ಮೊಟ್ಟೆಯಾಕಾರಕ್ಕೆ ಹಿಗ್ಗಿರುವುದರಿಂದ, ಸುತ್ತುವಾಗ ಅಗಲ ಬದಿ ಕಂಡರೆ ಕೊಂಚ ಪ್ರಕಾಶ, ತುದಿ ಕಂಡರೆ ಕೊಂಚ ಮಂಕು. ವ್ಯತ್ಯಾಸ ನೂರಕ್ಕೆ ಮೂರರಷ್ಟು, ಕಣ್ಣಿಗೆ ತಿಳಿಯದು. ಆದರೂ ಅಲ್ಲಿ ಕಾಣುತ್ತಿರುವುದು ಉಬ್ಬರವೇ. ಚಂದ್ರ ಮಲ್ಪೆಯ ನೀರು ಏರಿಸುತ್ತಿರುವ ಅದೇ ರಾತ್ರಿ, ಅವನ ಪಕ್ಕದಲ್ಲೇ, ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿ.

ಇನ್ನೂ ಅತಿರೇಕದ ಜೋಡಿಗಳಿವೆ. ಕೆಒಐ-54 ಎಂಬ ಜೋಡಿಯಲ್ಲಿ ನಕ್ಷತ್ರಗಳು 41.8 ದಿನಕ್ಕೊಮ್ಮೆ ಒಂದರ ಪಕ್ಕ ಒಂದು ಹಾಯ್ದು ಹೋಗುತ್ತವೆ. ಪ್ರತಿ ಸಲವೂ ಬೆಳಕು ಹೃದಯದ ಇಸಿಜಿಯಂತೆ ಚಿಮ್ಮುತ್ತದೆ. ಆಮೇಲೂ ನಕ್ಷತ್ರ ಕಂಪಿಸುತ್ತಲೇ ಇರುತ್ತದೆ, ಒಂದು ಸುತ್ತಿಗೆ ಸರಿಯಾಗಿ 90 ಮತ್ತು 91 ಸಲ. ಕೆಪ್ಲರ್ ದೂರದರ್ಶಕ ಇದನ್ನು ತೋರಿಸಿದಾಗ ನಮ್ಮಂಥವರಿಗೆ ರೋಮಾಂಚನವಾಗಿತ್ತು. ನೆರೆಯ ಚಿಕ್ಕ ಗೆಲಾಕ್ಸಿಯಾದ ದೊಡ್ಡ ಮೆಜೆಲಾನಿಕ್ ಮೋಡದಲ್ಲಿರುವ ಇನ್ನೊಂದು ಜೋಡಿಯ ಬೆಳಕು ಇದೇ ರೀತಿ ಶೇಕಡ 20ರಷ್ಟು ಏರಿಳಿಯುತ್ತದೆ. 2023ರ ಒಂದು ಲೆಕ್ಕಾಚಾರದ ಪ್ರಕಾರ ಅಲ್ಲಿ ಅಲೆಗಳು ಎತ್ತರಕ್ಕೆ ಎದ್ದು, ಮಳೆಗಾಲದಲ್ಲಿ ಪಡುಕೆರೆ ದಂಡೆಗೆ ಅಪ್ಪಳಿಸುವ ಹಾಗೆ, ನಕ್ಷತ್ರದ ಮೈಮೇಲೆಯೇ ಒಡೆದು ಬೀಳುತ್ತವೆ. ಒಂದೊಂದು ಅಲೆಯ ಎತ್ತರ ಮೂರು ಸೂರ್ಯರನ್ನು ಮೇಲಿಂದ ಮೇಲೆ ಇಟ್ಟಷ್ಟು. ದಡವಿಲ್ಲದೆಯೂ ಅಲೆ ಒಡೆಯುತ್ತದೆ ನೋಡಿ.

ಇನ್ನು ಅಳತೆ. ಸವಕಳಿಯನ್ನು ಕ್ಯೂ ಎಂಬ ಒಂದು ಎಣಿಕೆಯಲ್ಲಿ ಹೇಳುವ ರೂಢಿ ಇದೆ. ದೇವಸ್ಥಾನದ ಕಂಚಿನ ಗಂಟೆ ಹೊಡೆದರೆ ನೂರಾರು ಸಲ ಕಂಪಿಸಿದ ಮೇಲೆ ನಾದ ಅಡಗುತ್ತದೆ: ಕ್ಯೂ ಹೆಚ್ಚು. ಮಣ್ಣಿನ ಮಡಕೆ ತಟ್ಟಿದರೆ ಟಪ್ ಎಂದು ನಿಲ್ಲುತ್ತದೆ: ಕ್ಯೂ ಕಡಿಮೆ. ಸಮುದ್ರ ಹೊತ್ತ ನಮ್ಮ ಭೂಮಿಯ ಕ್ಯೂ ಹನ್ನೆರಡರ ಆಸುಪಾಸು, ಅಂದರೆ ಶುದ್ಧ ಮಡಕೆ. ನಕ್ಷತ್ರಗಳದ್ದು ಲಕ್ಷದಿಂದ ಹತ್ತಾರು ಕೋಟಿಯವರೆಗೆ.

ಲಕ್ಷವೆಲ್ಲಿ, ಹತ್ತಾರು ಕೋಟಿಯೆಲ್ಲಿ, ಇದು ಅಳತೆಯೋ ಹರಟೆಯೋ ಎಂದು ನೀವು ಕೇಳಬಹುದು. ನನ್ನ ಪ್ರಕಾರ ಜನ ಎಡವುವುದು ಇಲ್ಲೇ. ಕ್ಯೂ ಎಂಬುದು ನಕ್ಷತ್ರದ ತೂಕದಂತೆ ಅದರ ಸ್ವಂತ ಆಸ್ತಿಯಲ್ಲ. ಮಲ್ಪೆಯಲ್ಲಿ ಹುಣ್ಣಿಮೆಯ ಉಬ್ಬರಕ್ಕೂ ಇಳಿತಕ್ಕೂ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್. ಅದೇ ಅರಬ್ಬೀ ಸಮುದ್ರ, ಅದೇ ಚಂದ್ರ, ಗುಜರಾತಿನ ಭಾವನಗರದಲ್ಲಿ ಹತ್ತು ಮೀಟರ್ ದಾಟುತ್ತದೆ. ಖಂಭಾತ್ ಕೊಲ್ಲಿಯ ಉದ್ದ, ಆಳ, ಆಕಾರಕ್ಕೆ ಚಂದ್ರನ ತಾಳ ಹೊಂದಿಕೊಳ್ಳುತ್ತದೆ, ಮಲ್ಪೆಗೆ ಹೊಂದುವುದಿಲ್ಲ. ಹಾಗೆಯೇ ಸವಕಳಿಯೂ ಯಾವ ತಾಳದಲ್ಲಿ ತಳ್ಳುತ್ತೀರಿ, ಎಷ್ಟು ಜೋರಾಗಿ ತಳ್ಳುತ್ತೀರಿ, ತಳ್ಳಿಸಿಕೊಳ್ಳುವ ವಸ್ತು ಆಗ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಚಂದ್ರನ ವಿಷಯದಲ್ಲೇ ಇದಕ್ಕೆ ಪುರಾವೆ ಇದೆ. ಇಂದಿನ ಸವಕಳಿಯ ಪ್ರಮಾಣವನ್ನೇ ಹಿಡಿದು, ಚಂದ್ರ ಹತ್ತಿರವಿದ್ದಷ್ಟೂ ಉಬ್ಬರದ ಸೆಳೆತ ಜೋರು ಎಂಬುದನ್ನೂ ಸೇರಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 150 ಕೋಟಿ ವರ್ಷದ ಹಿಂದೆ ಚಂದ್ರ ಭೂಮಿಗೆ ತಾಗಿಕೊಂಡಿರಬೇಕಾಗುತ್ತದೆ. ಆದರೆ ಅವನ ವಯಸ್ಸು 450 ಕೋಟಿಯಷ್ಟು. ತಪ್ಪು ಲೇಸರಿನದಲ್ಲ. ಇಂದಿನ ಸಾಗರಗಳ ಆಕಾರ ಚಂದ್ರನ ತಾಳಕ್ಕೆ ವಿಶೇಷವಾಗಿ ಒಗ್ಗಿಹೋಗಿದೆ. ಹಿಂದೆ ಖಂಡಗಳು ಬೇರೆ ಕಡೆ ಇದ್ದಾಗ ಸವಕಳಿ ಕಡಿಮೆ ಇತ್ತು. ಆದ್ದರಿಂದ ನಿಮ್ಮ ಮಗಳು ಒಂದು ಪುಸ್ತಕದಲ್ಲಿ ಕಂಡ ಕ್ಯೂವನ್ನು ಇನ್ನೊಂದು ಜೋಡಿಗೆ ಅಂಟಿಸದಿರಲಿ. ಅದು ಭಾವನಗರದ ಪಟ್ಟಿ ನೋಡಿ ಮಲ್ಪೆಯಲ್ಲಿ ದೋಣಿ ಇಳಿಸಿದ ಹಾಗೆ.

ಕೋಟಿ ವರ್ಷದ ಬದಲಾವಣೆಯನ್ನು ಮನುಷ್ಯರ ಆಯುಷ್ಯದಲ್ಲಿ ಹೇಗೆ ಅಳೆಯುತ್ತಾರೆ? ಘಟ್ಟದ ಬುಡದಲ್ಲಿ ಕುಮಾರಧಾರೆಯ ಕಲ್ಲುಗಳನ್ನು ನೋಡಿದ್ದೀರಲ್ಲ, ಮೂಲೆ ಮೊನೆ ಹಾಗೇ ಇರುತ್ತದೆ. ಕೆಳಗೆ ಉಪ್ಪಿನಂಗಡಿಯ ಕಡೆ ಬಂದರೆ ಉರುಟು. ಒಂದು ಕಲ್ಲು ಉರುಟಾಗುವುದನ್ನು ಯಾರೂ ಕುಳಿತು ನೋಡಿಲ್ಲ. ಆದರೂ ಹೊಳೆಯುದ್ದಕ್ಕೆ ನಡೆದು ಎಲ್ಲೆಲ್ಲಿ ಎಷ್ಟೆಷ್ಟು ಉರುಟು ಎಂದು ಬರೆದುಕೊಂಡರೆ ಸವೆತದ ವೇಗ ಸಿಗುತ್ತದೆ. ಜೋಡಿ ನಕ್ಷತ್ರಗಳ ಕಕ್ಷೆಯೂ ಹುಟ್ಟುವಾಗ ಉದ್ದುದ್ದ, ಸವೆದಂತೆ ಉರುಟು. ಉಬ್ಬರ ಶಕ್ತಿಯನ್ನು ಡೀಸೆಲ್‌ನಂತೆ ಸುಟ್ಟುಹಾಕುತ್ತದೆ, ಆದರೆ ಕೋನೀಯ ಸಂವೇಗವನ್ನು, ಅಂದರೆ ಸುತ್ತುವ ಚಲನೆಯ ಒಟ್ಟು ಮೊತ್ತವನ್ನು, ಸುಡಲಾರದು; ಅದು ತಿರುಗಾಟದಿಂದ ಕಕ್ಷೆಗೆ, ಕಕ್ಷೆಯಿಂದ ತಿರುಗಾಟಕ್ಕೆ ಕಿಸೆ ಬದಲಿಸುತ್ತದೆ ಅಷ್ಟೆ. ಅಷ್ಟೇ ಸಂವೇಗ ಇಟ್ಟುಕೊಂಡು ಅತಿ ಕಡಿಮೆ ಶಕ್ತಿಯಲ್ಲಿ ಬದುಕಬಲ್ಲ ಕಕ್ಷೆ ವೃತ್ತ.

ಹೊಳೆಯ ಬದಲು ನಮಗಿರುವುದು ನಕ್ಷತ್ರ ಗುಚ್ಛಗಳು. ಒಂದು ಗುಚ್ಛದ ಸದಸ್ಯರೆಲ್ಲ ಒಂದೇ ಕಾಲಕ್ಕೆ ಹುಟ್ಟಿದವರು, ವಯಸ್ಸು ಗೊತ್ತು. ಪ್ರತಿ ಗುಚ್ಛದಲ್ಲೂ ಎಷ್ಟು ದಿನದ ಅವಧಿಯವರೆಗಿನ ಜೋಡಿಗಳು ಉರುಟಾಗಿವೆ ಎಂದು ನೋಡಬೇಕು. ಸೂರ್ಯನಂಥ ನಕ್ಷತ್ರಗಳಿಗೆ ಜಾನ್‌-ಪಾಲ್ ಜಾನ್ ಕೊಟ್ಟ ಸಿದ್ಧಾಂತದಲ್ಲಿ ಅಂತರ ಇಮ್ಮಡಿಯಾದರೆ ಉರುಟಾಗಲು 256 ಪಟ್ಟು ಹೆಚ್ಚು ಕಾಲ ಬೇಕು. ಹಾಗಾಗಿ ಗಡಿ ಸಾಕಷ್ಟು ಚೂಪಾಗಿರುತ್ತದೆ. 2005ರಲ್ಲಿ ಮೈಬಾಮ್ ಮತ್ತು ಮ್ಯಾಥ್ಯೂ ಈ ಗಡಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೃತ್ತಿಕೆಯಲ್ಲಿ ಏಳು ದಿನ, ಸುಮಾರು 400 ಕೋಟಿ ವರ್ಷದ ಎಂ 67ರಲ್ಲಿ ಹನ್ನೆರಡು ದಿನ, ಅದಕ್ಕಿಂತ ಮುದಿ ಎನ್‌ಜಿಸಿ 188ರಲ್ಲಿ ಹದಿನಾಲ್ಕೂವರೆ. ವಯಸ್ಸಾದಂತೆ ಗಡಿ ಹೊರಕ್ಕೆ ಸರಿಯುತ್ತಿದೆ, ಉಬ್ಬರ ಕೆಲಸ ಮಾಡುತ್ತಿದೆ. ಆದರೆ ಕೃತ್ತಿಕೆಗಿಂತ ಹಿರಿಯವಾದ ರೋಹಿಣಿಯ ಬಳಿಯ ಗುಚ್ಛ ಮತ್ತು ಪುಷ್ಯದ ಗುಚ್ಛವನ್ನು ಸೇರಿಸಿ ನೋಡಿದರೆ ಗಡಿ ಮೂರು ದಿನಕ್ಕೆ ಇಳಿಯುತ್ತದೆ! ಒಂದೆರಡು ಹಠಮಾರಿ ಜೋಡಿಗಳು ಉರುಟಾಗದೆ ಉಳಿದರೆ ಇಡೀ ಗಡಿ ಹಿಂದಕ್ಕೆ ಜಾರುತ್ತದೆ. ಮೇಲಿಂದ, ಬಹಳಷ್ಟು ಜೋಡಿಗಳು ನಕ್ಷತ್ರಗಳು ಎಳೆಯದಾಗಿ ಉಬ್ಬಿಕೊಂಡಿದ್ದಾಗಲೇ ಉರುಟಾಗಿಬಿಟ್ಟಿರುತ್ತವೆ. ಆಮೇಲಿನ ಸವೆತ ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಅಂದಾಜು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾವ ಹೆಜ್ಜೆಯಲ್ಲಿ ಎಷ್ಟು ಅಂದಾಜು ಸೇರಿದೆ ಎಂದು ಬರೆದಿಟ್ಟರೆ ಅದು ಅಳತೆ, ಮುಚ್ಚಿಟ್ಟರೆ ಹರಟೆ.

ನೇರವಾಗಿ, ಗಡಿಯಾರ ಹಿಡಿದು ಅಳೆದದ್ದೂ ಇದೆ, ಆದರೆ ಅದು ಸಿಕ್ಕಿದ್ದು ನಕ್ಷತ್ರ ಮತ್ತು ಗ್ರಹದ ಜೋಡಿಯಲ್ಲಿ. ವಾಸ್ಪ್-12ಬಿ ಎಂಬ ದೈತ್ಯ ಗ್ರಹ ತನ್ನ ನಕ್ಷತ್ರವನ್ನು 1.09 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡು ಕಡಿಮೆಯಾಗುತ್ತಿದೆ. 29 ಮಿಲಿಸೆಕೆಂಡನ್ನು ಯಾರು ಹಿಡಿಯುತ್ತಾರೆ? ಯಾರೂ ಹಿಡಿಯಬೇಕಿಲ್ಲ, ಅದು ತಾನೇ ಒಟ್ಟಾಗುತ್ತದೆ. ಮೊದಲ ವರ್ಷದ ಕೊನೆಗೆ ಗ್ರಹ ಐದು ಸೆಕೆಂಡು ಬೇಗ ಬರುತ್ತದೆ. ಹತ್ತು ವರ್ಷಕ್ಕೆ ಐವತ್ತಲ್ಲ, ಸುಮಾರು 480 ಸೆಕೆಂಡು, ಎಂಟು ನಿಮಿಷ. ವರ್ಷ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟು. ನಿಮ್ಮ ಮಗಳ ಏಳು ನಿಮಿಷದಷ್ಟೇ ಅಂತರ, ಆದರೆ ಇಲ್ಲಿ ಭೂಮಿಯ ಸ್ಥಾನವನ್ನು ಕಳೆದ ಮೇಲೂ ಉಳಿದದ್ದು. ಇದೇ ಗತಿಯಾದರೆ ಆ ಗ್ರಹಕ್ಕೆ ಇನ್ನು ಸುಮಾರು 30 ಲಕ್ಷ ವರ್ಷ.

ಅವಧಿ ಕುಗ್ಗಿದ್ದೆಲ್ಲ ಉಬ್ಬರವೂ ಅಲ್ಲ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡ ನ್ಯೂಟ್ರಾನ್ ನಕ್ಷತ್ರಗಳ ಜೋಡಿಯ ಅವಧಿ ಕುಗ್ಗುವುದು ಗುರುತ್ವದ ಅಲೆಗಳಿಂದ; ಅಲ್ಲಿ ಉಬ್ಬರದ ಪಾತ್ರವಿಲ್ಲ.

2022ರ ಸುದ್ದಿಗೆ ಬರುತ್ತೇನೆ. ಆ ನಕ್ಷತ್ರ ಕೆಐಸಿ 9832227. ಮೈಗೆ ಮೈ ತಾಗಿಸಿಕೊಂಡು 11 ಗಂಟೆಗೊಮ್ಮೆ ಸುತ್ತುವ ಜೋಡಿ. ಅವಧಿ ಇಳಿಯುವ ಬಗೆ ನೋಡಿ 2022ರಲ್ಲಿ ಒಂದಾಗುತ್ತವೆ ಎಂದು 2017ರಲ್ಲಿ ಪ್ರಕಟಿಸಿದರು. ಮರುವರ್ಷ ಬೇರೊಂದು ತಂಡ ಹಳೆಯ ದಾಖಲೆ ತೆಗೆದು ನೋಡಿದರೆ, 1999ರ ಒಂದು ಗ್ರಹಣದ ವೇಳೆಯನ್ನು 2004ರ ಲೇಖನವೊಂದರಲ್ಲಿ ಅಚ್ಚುತಪ್ಪಿನಿಂದ 12 ಗಂಟೆ ಆಚೀಚೆ ಕೊಡಲಾಗಿತ್ತು! ಇಡೀ ಡಿಕ್ಕಿ ನಿಂತಿದ್ದು ಆ ಒಂದು ಚುಕ್ಕೆಯ ಮೇಲೆ. ಭವಿಷ್ಯ ಹೇಳಿದವರು ತಪ್ಪನ್ನು ಒಪ್ಪಿಕೊಂಡರು. ಪತ್ರಿಕೆಗಳಲ್ಲಿ ಡಿಕ್ಕಿ ಮುಖಪುಟದಲ್ಲಿ ಬಂದಿತ್ತು, ತಿದ್ದುಪಡಿ ಅಷ್ಟಾಗಿ ಬರಲಿಲ್ಲ. ಹಾಗಂತ ನಕ್ಷತ್ರಗಳು ಒಂದಾಗುವುದು ಕಟ್ಟುಕಥೆಯಲ್ಲ. ವೃಶ್ಚಿಕದ ವಿ1309 ಎಂಬುದು 2008ರಲ್ಲಿ ಸ್ಫೋಟಿಸಿದಂತೆ ಬೆಳಗಿತು. ಆಮೇಲೆ ಹಿಂದಿನ ವರ್ಷಗಳ ಚಿತ್ರಗಳಲ್ಲಿ ಹುಡುಕಿದಾಗ ಅದು 1.4 ದಿನದ ಜೋಡಿಯಾಗಿತ್ತೆಂದೂ ಅವಧಿ ವರ್ಷದಿಂದ ವರ್ಷಕ್ಕೆ ಜೋರಾಗಿ ಕುಗ್ಗುತ್ತಿತ್ತೆಂದೂ ತಿಳಿಯಿತು. ಕಕ್ಷೆಯ ಕಿಸೆಯಲ್ಲಿನ ಸಂವೇಗ ನಕ್ಷತ್ರಗಳ ತಿರುಗಾಟದ ಕಿಸೆಯದ್ದಕ್ಕಿಂತ ಮೂರು ಪಟ್ಟಿಗೂ ಕೆಳಗಿಳಿದರೆ ಉಬ್ಬರ ಅವನ್ನು ಕಾಪಾಡುವ ಬದಲು ಒಳಕ್ಕೆ ಎಳೆಯುತ್ತದೆ. ವಿ1309ಕ್ಕೆ ಹಾಗೆಯೇ ಆಗಿರಬೇಕು ಎಂಬುದು ಹಲವರ ವಾದ.

ಈಗ ಪ್ರಾಜೆಕ್ಟು. ವಿಷಯ ಬದಲಿಸುವುದು ಬೇಡ, ದಾರಿ ಬದಲಿಸಲಿ.

ತಾರಸಿಯ ಕ್ಯಾಮೆರಾದಿಂದಲೇ ಉಬ್ಬರದ ಸವಕಳಿ ಸಿಗುತ್ತದೆ ಎಂದು ಹೊರಟರೆ ಆರು ತಿಂಗಳಲ್ಲಿ ಕೈಗೆ ಸಿಗುವುದು ಅನಿಲ ವರ್ಗಾವಣೆ, ಮೂರನೆಯ ನಕ್ಷತ್ರ, ನಕ್ಷತ್ರದ ಮೈಮೇಲಿನ ಕಲೆಗಳು. ಅದರಲ್ಲೂ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಇರುವುದಿಲ್ಲ, ಲೆನ್ಸಿಗೆ ಬೂಸ್ಟು ಬೇರೆ. ನನ್ನದೊಂದು ಒಳ್ಳೆಯ ಲೆನ್ಸ್ ಒಂದೇ ಮಳೆಗಾಲದಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಹಿಡಿದು ಹೋಯಿತು. ಅಂದಿನಿಂದ ಸಿಲಿಕಾ ಜೆಲ್ ಪೊಟ್ಟಣವಿಲ್ಲದೆ ಪೆಟ್ಟಿಗೆ ಮುಚ್ಚುವುದಿಲ್ಲ. ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಂದರೆ ರೋಹಿತ ತೆಗೆದು, ವೇಗ ಅಳೆಯುವುದೇ ಸರಿಯಾದ ದಾರಿ ಎಂದು ಯಾರಾದರೂ ಹೇಳಿಯಾರು. ಸರಿಯೇ. ಆದರೆ ಕಾವಲೂರಿನ 2.34 ಮೀಟರ್, ಹಾನ್ಲೆಯ 2 ಮೀಟರ್, ದೇವಸ್ಥಲದ 3.6 ಮೀಟರ್ ದೂರದರ್ಶಕಗಳಲ್ಲಿ ರಾತ್ರಿ ಸಿಗಬೇಕಾದರೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ, ಸ್ಪರ್ಧೆಯಲ್ಲಿ ಗೆದ್ದು, ಆ ರಾತ್ರಿ ಮೋಡ ಇರದಿರಲಿ ಎಂದು ಕಾಯಬೇಕು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದು ಹೊಂದುವುದಿಲ್ಲ.

ನಾನು ಹೇಳುವುದು ನಾಸಾದ ಟೆಸ್ ಎಂಬ ಉಪಗ್ರಹದ ದತ್ತಾಂಶ. 2018ರಿಂದ ಆಕಾಶವನ್ನು 27 ದಿನದ ತುಂಡುಗಳಾಗಿ ನೋಡುತ್ತಿದೆ, ದತ್ತಾಂಶ ಎಲ್ಲರಿಗೂ ಉಚಿತ, ಮಳೆಗಾಲವಿಲ್ಲ. ಗ್ರಹಣ ತೋರಿಸುವ ಐವತ್ತು ಜೋಡಿಗಳನ್ನು ಆರಿಸಿ ಪ್ರತಿಯೊಂದರಲ್ಲೂ ಒಂದೇ ವಿಷಯ ನೋಡಲಿ: ಎರಡು ಮುಖ್ಯ ಗ್ರಹಣಗಳ ಸರಿಯಾದ ನಡುವೆ ಸಣ್ಣ ಗ್ರಹಣ ಬರುತ್ತದೆಯೇ? ಕಕ್ಷೆ ಉರುಟಾಗಿದ್ದರೆ ನಡುವೆಯೇ ಬರಬೇಕು. ಹತ್ತು ದಿನದ ಜೋಡಿಯಲ್ಲಿ ಅದು ಆರು ಗಂಟೆ ತಡವಾದರೆ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ದೂರ ಎಂಬ ಎಣಿಕೆ; ವೃತ್ತಕ್ಕೆ ಸೊನ್ನೆ) ಕನಿಷ್ಠ 0.04 ಎಂದು ಒಂದೇ ಸಾಲಿನ ಲೆಕ್ಕದಲ್ಲಿ ಹೇಳಬಹುದು. ಕನಿಷ್ಠ ಎಂಬ ಪದ ಮರೆಯಬಾರದು. ಉದ್ದನೆಯ ಕಕ್ಷೆಯೂ ನಮ್ಮತ್ತ ನೇರ ಮುಖ ಮಾಡಿದ್ದರೆ ಸಣ್ಣ ಗ್ರಹಣ ನಡುವೆಯೇ ಬಂದು ಮೋಸ ಮಾಡುತ್ತದೆ. ಆಗ ಎರಡು ಗ್ರಹಣಗಳ ಉದ್ದ ಬೇರೆಬೇರೆ ಇದೆಯೇ ಎಂದು ನೋಡಬೇಕು. ಟೆಸ್‌ನ ಕಣ್ಣು ದಪ್ಪ, ಒಂದು ಚುಕ್ಕೆ ಎಂದರೆ 21 ಆರ್ಕ್‌ಸೆಕೆಂಡು (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡು). ಪಕ್ಕದ ಮನೆಯ ನಕ್ಷತ್ರದ ಬೆಳಕೂ ಒಳಗೆ ಬಂದು ಗ್ರಹಣದ ಆಳವನ್ನು ಕೆಡಿಸುತ್ತದೆ. ಅದು ವೇಳೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ ಎಂಬುದು ಈ ದಾರಿಯ ಲಾಭ. ಪಟ್ಟಿ ತಯಾರಾದ ಮೇಲೆ ಅವಧಿಗೆ ಎದುರಾಗಿ ಉತ್ಕೇಂದ್ರತೆಯ ಚಿತ್ರ ಬರೆದರೆ, ಎಡಕ್ಕೆ ಸೊನ್ನೆಗೆ ಅಂಟಿಕೊಂಡ ಚುಕ್ಕೆಗಳು, ಬಲಕ್ಕೆ ಚೆದುರಿದ ಚುಕ್ಕೆಗಳು ಕಾಣುತ್ತವೆ. ಆ ಬದಲಾವಣೆ ಎಲ್ಲಿ ಆಗುತ್ತದೆ ಎಂಬುದೇ ಅವಳ ಉತ್ತರ. ಕ್ಯೂ ಬರೆಯಲೇಬೇಕೆಂದು ಮಾರ್ಗದರ್ಶಕರು ಹಟ ಹಿಡಿದರೆ, ಹುಟ್ಟುವಾಗಿನ ಕಕ್ಷೆ, ವಯಸ್ಸು, ಎಳೆತನದ ಸವೆತ ಇವನ್ನು ಬದಲಿಸಿ ಬದಲಿಸಿ ಮೂರು ನಾಲ್ಕು ಉತ್ತರ ಕೊಡಲಿ. ಒಂದೇ ಉತ್ತರ ಕೊಟ್ಟ ಪ್ರಾಜೆಕ್ಟಿಗಿಂತ ಅಂಥದ್ದನ್ನೇ ನಾನು ಹೆಚ್ಚು ನಂಬುತ್ತೇನೆ.

ಅಲ್ಗಾಲ್ ಬಿಡುವುದೂ ಬೇಡ. ಮೊದಲ ಅಧ್ಯಾಯಕ್ಕೆ ಅದೇ ಇರಲಿ. ಮೂರು ಗ್ರಹಣಗಳ ವೇಳೆಯನ್ನು ಸೂರ್ಯನ ವೇಳೆಗೆ ತಿದ್ದಿದ ಮೇಲೆ ಏಳು ನಿಮಿಷದ ಬದಲು ಮುಕ್ಕಾಲು ನಿಮಿಷವೋ ಏನೋ ಉಳಿಯುತ್ತದೆ, ಅದೂ ತಿರುವುಮುರುವಾಗಿ. ಅದಕ್ಕೆ ಕಾರಣ ಹುಡುಕುತ್ತಾ ನಕ್ಷತ್ರದವರೆಗೆ ಹೋಗುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ಪಕ್ಕ ಇಟ್ಟು ನೋಡಲಿ. ನನ್ನ ಕ್ಯಾಮೆರಾ ಎರಡು ತಿಂಗಳಲ್ಲಿ ನಲವತ್ತು ಸೆಕೆಂಡು ಹಿಂದೆ ಬೀಳುತ್ತದೆ.